ಚೀಲದಲ್ಲಿ ಚಕ್ಕುಲಿ ಇದೆ, ಕಾದಂಬರಿ ಎಲ್ಲಿದೆ?

ಸಾಲು ರಜೆ ಬಂತೆಂದರೆ ಸಾಕು, ಬೆಂಗಳೂರು ಅರ್ಧ ಖಾಲಿ. ಶುಕ್ರವಾರ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ನಿಂತು ನೋಡಿ. ತೀರ್ಥಹಳ್ಳಿ, ಮಡಿಕೇರಿ, ಸುಬ್ರಹ್ಮಣ್ಯ, ಗೋಕರ್ಣದ ಬಸ್ಸುಗಳಿಗೆ ಜನ ಮುಗಿಬಿದ್ದಿರುತ್ತಾರೆ. ಅವರ ಚೀಲ ಬಿಚ್ಚಿಸಿದರೆ ಏನು ಸಿಗುತ್ತದೆ? ಚಕ್ಕುಲಿ ಸಿಗುತ್ತದೆ, ಕೋಡುಬಳೆ ಸಿಗುತ್ತದೆ, ಮೊಬೈಲಿಗೆ ಚಾರ್ಜು ತುಂಬುವ ಡಬ್ಬಿ ಸಿಗುತ್ತದೆ, ಜಿಗಣೆ ಹತ್ತದಿರಲೆಂದು ಉಪ್ಪಿನ ಪೊಟ್ಟಣವೂ ಸಿಗುತ್ತದೆ. ತಾವು ಹೋಗುತ್ತಿರುವ ಊರಿನ ಮಣ್ಣಿನಲ್ಲೇ ಹುಟ್ಟಿದ ಒಂದು ಕಾದಂಬರಿ? ಅದು ಸಿಗುವುದಿಲ್ಲ. ನೂರು ಚೀಲದಲ್ಲಿ ಒಂದರಲ್ಲಿ ಸಿಕ್ಕರೆ ಆ ಪುಣ್ಯಾತ್ಮನಿಗೆ ನಮ್ಮ ದೊಡ್ಡ ನಮಸ್ಕಾರ.

ಹೋರಾಟದ ಪತ್ರಿಕೆಯಲ್ಲಿ ಇದೇನು ಪ್ರವಾಸದ ಮಾತು ಎನ್ನಬೇಡಿ. ಇದು ಹೋರಾಟದ ಮಾತೇ. ಬೋರ್ಡಿನ ಮೇಲೆ ಕನ್ನಡ ಇರಲಿ ಎಂದು ನಾವು ಬೀದಿಗಿಳಿದೆವು, ಲಾಠಿ ತಿಂದೆವು, ಕೇಸು ಹಾಕಿಸಿಕೊಂಡೆವು. ೨೦೨೪ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು ನಾಮಫಲಕದಲ್ಲಿ ಶೇ. ೬೦ರಷ್ಟು ಕನ್ನಡ ಇರಲೇಬೇಕೆಂದಾಯಿತು. ಸಂತೋಷ. ಆದರೆ ಬೋರ್ಡಿನ ಕೆಳಗೆ ಹಾದು ಒಳಗೆ ಹೋದ ಕನ್ನಡಿಗನ ಕೈಯಲ್ಲಿ ಏನಿದೆ, ತಲೆಯಲ್ಲಿ ಏನಿದೆ ಎಂದು ನಾವು ಕೇಳಿದ್ದೇವೆಯೇ? ನಾಡನ್ನು ನೋಡಲು ಹೋಗುವವನಿಗೆ ನಾಡಿನ ಮಾತೇ ಬೇಡವಾದರೆ ಬೋರ್ಡಿಗೆ ಬಳಿದ ಬಣ್ಣದಿಂದ ಏನು ಬಂತು?

ಒಂದು ದಾರಿಯ ಉದಾಹರಣೆ ಕೊಡುತ್ತೇನೆ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆ. ಆಗುಂಬೆಯ ಸೂರ್ಯಾಸ್ತ ನೋಡಲು ಹೋಗುವವರೆಲ್ಲ ಈ ದಾರಿಯಲ್ಲಿ ಹೋದವರೇ. ಮಧ್ಯೆ ಮೇಗರವಳ್ಳಿ ಎಂಬ ಊರು ಬರುತ್ತದೆ. ಚಹಾ ಕುಡಿಯಲು ನಿಲ್ಲಿಸುತ್ತಾರೆ, ಕುಡಿಯುತ್ತಾರೆ, ಹೋಗುತ್ತಾರೆ. ಈ ಮೇಗರವಳ್ಳಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಮೇಗರವಳ್ಳಿ! ೧೯೬೭ರಲ್ಲಿ ಬಂದ ಆ ಪುಸ್ತಕದಲ್ಲಿ ನಾಯಿಗುತ್ತಿ ಎಂಬ ಒಬ್ಬ ಜೀತದಾಳು ತನ್ನ ಹುಲಿಯ ಎಂಬ ನಾಯಿಯನ್ನು ಕಟ್ಟಿಕೊಂಡು ಸಿಂಬಾವಿಯಿಂದ ನಡೆದು ಹೋಗುತ್ತಾನೆ, ತಿಮ್ಮಿಯನ್ನು ಕರೆತರಲು. ರಾಜನಲ್ಲ, ದಳವಾಯಿಯಲ್ಲ, ಒಬ್ಬ ಆಳು. ಅವನ ಹಿಂದೆ ಹಿಂದೆಯೇ ನಾವು ಇಡೀ ಮಲೆನಾಡನ್ನು ಸುತ್ತುತ್ತೇವೆ: ಹೆಗ್ಗಡೆಯವರ ಚೌಕಿಮನೆ, ಹೊಲಗೇರಿ, ಘಟ್ಟದ ಕೆಳಗಿನಿಂದ ದುಡಿಯಲು ಬಂದವರ ಬಿಡಾರ, ಪಾದ್ರಿಯ ಹೊಸ ಸುದ್ದಿ, ಹುಲಿಕಲ್ಲು ನೆತ್ತಿಯ ಕಾಡು. ಕೊನೆಗೆ ಮಳೆಗಾಲದ ತುಂಗೆ. ದೋಣಿಯಲ್ಲಿ ನಾಯಿಗೆ ಜಾಗವಿಲ್ಲ. ಒಡೆಯನನ್ನು ಬಿಟ್ಟಿರಲಾರದ ಹುಲಿಯ ಹೊಳೆಗೆ ಹಾರಿ ಕೊಚ್ಚಿಹೋಗುತ್ತದೆ.

ಇವತ್ತು ತೀರ್ಥಹಳ್ಳಿಯಲ್ಲಿ ಸೇತುವೆಯ ಮೇಲೆ ಬಸ್ಸು ಅರ್ಧ ನಿಮಿಷದಲ್ಲಿ ಆಚೆ ದಡಕ್ಕೆ ಹೋಗುತ್ತದೆ. ಕಾದಂಬರಿ ಓದಿದವನು ಆ ಅರ್ಧ ನಿಮಿಷ ಕಿಟಕಿಗೆ ಮುಖವಿಟ್ಟು ಕೆಂಪು ನೀರನ್ನು ನೋಡುತ್ತಾನೆ. ಓದದವನು ಮೊಬೈಲಿಗೆ ಸಿಗ್ನಲ್ ಬಂತೇ ಎಂದು ನೋಡುತ್ತಾನೆ. ಇಬ್ಬರೂ ಒಂದೇ ಸೀಟಿನಲ್ಲಿ ಕೂತವರು, ಒಂದೇ ಟಿಕೆಟ್ ಕೊಟ್ಟವರು. ಯಾರು ತೀರ್ಥಹಳ್ಳಿಗೆ ಹೋಗಿಬಂದರು, ನೀವೇ ಹೇಳಿ.

ಇಷ್ಟಾಗಿ ಅದೇ ಬಸ್ಸಿನಿಂದ ಆಗುಂಬೆಯಲ್ಲಿ ಇಳಿದವರು ಮೊದಲು ಕೇಳುವುದೇನು ಗೊತ್ತೇ? “ಮಾಲ್ಗುಡಿ ಮನೆ ಎಲ್ಲಿ?” ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ ನೆಲದ ಮೇಲೆ ಇಲ್ಲದ ಊರು, ಇಂಗ್ಲಿಷಿನಲ್ಲಿ ಹುಟ್ಟಿದ ಊರು. ನಮ್ಮ ಶಂಕರ್ ನಾಗ್ ಅದನ್ನು ಟಿ.ವಿ. ಧಾರಾವಾಹಿಗಾಗಿ ಆಗುಂಬೆಯಲ್ಲಿ ಕಟ್ಟಿ ತೋರಿಸಿದರು, ರೈಲು ನಿಲ್ದಾಣಕ್ಕೆ ಹೊಸನಗರ ತಾಲ್ಲೂಕಿನ ಅರಸಾಳನ್ನು ಆರಿಸಿಕೊಂಡರು. ೨೦೨೦ರಲ್ಲಿ ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡ ಮಾಲ್ಗುಡಿ ಮ್ಯೂಸಿಯಂ ಆಯಿತು. ನಾರಾಯಣರ ಮೇಲೆ ನಮಗೆ ಮುನಿಸಿಲ್ಲ, ಅವರು ಮೈಸೂರಿನಲ್ಲಿ ಬಾಳಿದ ದೊಡ್ಡ ಲೇಖಕರು. ಶಂಕರ್ ನಾಗ್ ಅಂತೂ ನಮ್ಮ ಆಟೋ ಸ್ಟ್ಯಾಂಡುಗಳ ದೇವರು! ಆದರೆ ಇಲ್ಲದ ಊರಿಗೆ ಒಂದು ನಿಲ್ದಾಣವನ್ನೇ ಕೊಡಬಲ್ಲ ನಾಡು, ಇರುವ ಊರಿನ ಕಾದಂಬರಿಯನ್ನು ಮರೆಯುತ್ತದೆಯೆಂದರೆ ಅದು ಯಾರ ತಪ್ಪು? ರೈಲ್ವೆಯವರದ್ದಲ್ಲ. ಜನ ಏನು ಕೇಳುತ್ತಾರೋ ಅದನ್ನು ತೋರಿಸುತ್ತಾರೆ. ನಾವು ಮೇಗರವಳ್ಳಿಯನ್ನು ಕೇಳಲೇ ಇಲ್ಲ.

ಕುಪ್ಪಳಿಗೆ ಜನ ಹೋಗುತ್ತಾರೆ, ಅಲ್ಲವೆನ್ನುವುದಿಲ್ಲ. ಕವಿಮನೆ ನೋಡುತ್ತಾರೆ, ಕವಿಶೈಲದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ೧೯೯೪ರ ನವೆಂಬರಿನಲ್ಲಿ ಕವಿಯ ಅಂತ್ಯಸಂಸ್ಕಾರ ನಡೆದ ಜಾಗ ಅದು ಎಂದು ತಿಳಿಯದೆ ಅಲ್ಲಿ ಕುಣಿದು ವಿಡಿಯೋ ಮಾಡುವವರೂ ಇದ್ದಾರೆ. ಇರಲಿ. ಮನೆ ನೋಡುವುದು ಬೇರೆ, ಪುಸ್ತಕ ಓದುವುದು ಬೇರೆ. ಆ ಮನೆಯ ತೊಟ್ಟಿಯಲ್ಲಿ ಕೂತು ‘ಕಾನೂರು ಹೆಗ್ಗಡಿತಿ’ಯ ಹತ್ತು ಪುಟ ಓದಿದವನಿಗೆ ಕಂಬಗಳು ಮಾತಾಡುತ್ತವೆ.

ಇಲ್ಲಿ ಪದಗಳ ಮಾತು ಬರುತ್ತದೆ. ಭಾಷೆ ಸಾಯುವುದು ಒಂದೇ ದಿನ ಅಲ್ಲ, ಒಂದೊಂದೇ ಪದವಾಗಿ. ಕಾನು ಬೇರೆ, ಹಾಡ್ಯ ಬೇರೆ, ಬ್ಯಾಣ ಬೇರೆ, ಹಕ್ಕಲು ಬೇರೆ. ಮಲೆನಾಡಿನ ದನಗಾಹಿ ಹುಡುಗನಿಗೂ ವ್ಯತ್ಯಾಸ ಗೊತ್ತಿತ್ತು. ಈಗ ಹೋಗಿಬಂದವರನ್ನು ಕೇಳಿ, ನಾಲ್ಕಕ್ಕೂ ಒಂದೇ ಉತ್ತರ: “ತುಂಬಾ ಗ್ರೀನರಿ ಇತ್ತು ಸಾರ್!” ಗೊರಬು ಹೋಗಿ ರೇನ್‌ಕೋಟ್ ಬಂತು, ತಪ್ಪಿಲ್ಲ, ಗೊರಬು ಹೊತ್ತು ಗೆಯ್ದವರಿಗೇ ಗೊತ್ತು ಅದರ ಕಷ್ಟ. ಆದರೆ ಉಂಬಳ ಎಲ್ಲಿಗೂ ಹೋಗಿಲ್ಲವಲ್ಲ? ಅದೇ ಕಾಲಿಗೆ ಹತ್ತುತ್ತದೆ, ಅದೇ ರಕ್ತ ಕುಡಿಯುತ್ತದೆ. ಅದರ ಹೆಸರು ಮಾತ್ರ ‘ಲೀಚ್’ ಆಗಿಹೋಗಿದೆ. ಮಡಿಕೇರಿಯ ಹತ್ತಿರದ ಜಲಪಾತವನ್ನೇ ನೋಡಿ. ಅಬ್ಬಿ ಎಂದರೇ ಜಲಪಾತ. ಅದನ್ನು ‘ಅಬ್ಬೆ ಫಾಲ್ಸ್’ ಮಾಡಿ, ಇಂಗ್ಲಿಷಿನಲ್ಲಿ ಕ್ರೈಸ್ತ ಸನ್ಯಾಸಿಗಳ ಮಠಕ್ಕೆ ಬರೆಯುವ ಅಕ್ಷರಗಳಲ್ಲಿ ಬರೆದು, ಜಲಪಾತದ ಜಲಪಾತ ಎಂದು ಕರೆಯುತ್ತಿದ್ದೇವೆ. ನಗಬೇಕೋ ಅಳಬೇಕೋ! ಈ ಪದಗಳೆಲ್ಲ ಜೀವಂತವಾಗಿ, ತಮ್ಮ ತಮ್ಮ ಜಾಗದಲ್ಲಿ, ಕೆಲಸ ಮಾಡುತ್ತಾ ಇರುವುದು ಎಲ್ಲಿ? ನಿಘಂಟಿನಲ್ಲಿ ಅಲ್ಲ, ನಮ್ಮ ಕಾದಂಬರಿಗಳಲ್ಲಿ. ಪುಸ್ತಕದಲ್ಲಿ ಬ್ಯಾಣ ಎಂದು ಓದಿ, ತಲೆಯೆತ್ತಿ ಎದುರಿಗೆ ಬ್ಯಾಣವನ್ನೇ ಕಂಡರೆ ಆ ಪದವನ್ನು ಯಾರೂ ನಿಮ್ಮಿಂದ ಕಿತ್ತುಕೊಳ್ಳಲಾರರು.

ಮಡಿಕೇರಿಯ ಮಾತು ಬಂತಲ್ಲ. ಅಲ್ಲಿಗೆ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಇಟ್ಟುಕೊಂಡು ಹೋಗಿ. ಕೊಡಗಿನ ಕಡೆಯ ಅರಸನ ಕಥೆ. ೧೮೩೪ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ನುಂಗಿತು, ದೊರೆಯನ್ನು ಗಡೀಪಾರು ಮಾಡಿತು. ಮಡಿಕೇರಿಯ ಗದ್ದುಗೆಗೆ ಹೋದರೆ ಅಲ್ಲಿ ಲಿಂಗರಾಜೇಂದ್ರನ ಸಮಾಧಿ ಇದೆ, ದೊಡ್ಡವೀರರಾಜೇಂದ್ರನ ಸಮಾಧಿ ಇದೆ. ಅಪ್ಪ ಇದ್ದಾನೆ, ದೊಡ್ಡಪ್ಪ ಇದ್ದಾನೆ, ಮಗ ಇಲ್ಲ. ಮಗ ಕಳೆದುಕೊಂಡ ಹಣಕ್ಕಾಗಿ ಕಂಪನಿಯ ಮೇಲೆ ದಾವೆ ಹೂಡಲು ಸಮುದ್ರ ದಾಟಿ ಹೋಗಿ ೧೮೫೯ರಲ್ಲಿ ಲಂಡನ್ನಿನಲ್ಲೇ ಸತ್ತ. ಅವನನ್ನು ಹೂಳಿದ್ದು ಅಲ್ಲಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ. ಲಂಡನ್ನಿನಲ್ಲಿರುವ ಕನ್ನಡ ಬಂಧುಗಳೇ, ನಿಮ್ಮ ಊರಿನಲ್ಲೂ ಈ ಕಾದಂಬರಿ ಓದಲು ಒಂದು ಜಾಗ ಇದೆ ಎಂದು ನಿಮಗೆ ಹೇಳಿದವರುಂಟೇ? ಮಾಸ್ತಿಯವರು ಅರಸನನ್ನು ತೀರಾ ಕೆಟ್ಟವನನ್ನಾಗಿ ಚಿತ್ರಿಸಿದರು, ಬ್ರಿಟಿಷರು ಬರೆದಿಟ್ಟದ್ದನ್ನು ಹೆಚ್ಚು ನಂಬಿದರು ಎಂಬ ವಾದ ಇದೆ. ವಾದ ಮಾಡೋಣ! ಪುಸ್ತಕ ಹಿಡಿದು ಅರಮನೆಯ ಎದುರು ನಿಂತು ಮಾಸ್ತಿಯವರ ಜೊತೆಗೇ ಜಗಳ ಆಡೋಣ. ಕಾದಂಬರಿ ಪುರಾಣವಲ್ಲ, ತಲೆಬಾಗಿಯೇ ಓದಬೇಕೆಂದು ಯಾರೂ ಹೇಳಿಲ್ಲ.

ಕರಾವಳಿಗೆ ಹೋಗುವವರಿಗೆ ಕಾರಂತರು. ಹೆದ್ದಾರಿಯಲ್ಲಿ ಕೋಟ, ಸಾಲಿಗ್ರಾಮ ದಾಟಿ ಕೊಲ್ಲೂರಿಗೆ, ಮುರುಡೇಶ್ವರಕ್ಕೆ ಓಡುವ ಕಾರುಗಳಲ್ಲಿ ‘ಮರಳಿ ಮಣ್ಣಿಗೆ’ ಎಷ್ಟಿವೆ? ಆ ಉಪ್ಪುಗಾಳಿಯ ನೆಲದಲ್ಲಿ ಪಾರೋತಿ, ಸರಸೋತಿ, ನಾಗವೇಣಿ ಎಂಬ ಹೆಂಗಸರು ಸುರಿಸಿದ ಬೆವರು ಆ ಪುಸ್ತಕ. ಅದಕ್ಕಿಂತ ನನಗೆ ಹತ್ತಿರದ್ದು ‘ಬೆಟ್ಟದ ಜೀವ’. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ಕತ್ತಲಾಗಿ ದಾರಿ ತಪ್ಪಿ ಬಂದವನೊಬ್ಬನಿಗೆ ಗೋಪಾಲಯ್ಯನೆಂಬ ಮುದುಕ ಬಾಗಿಲು ತೆರೆಯುತ್ತಾನೆ. ಸ್ನಾನಕ್ಕೆ ಬಿಸಿನೀರು, ಹೊಟ್ಟೆಗೆ ಊಟ, ಮಲಗಲು ಹಾಸಿಗೆ, ಹೊರಡುತ್ತೇನೆಂದರೆ ಬಿಡುವುದಿಲ್ಲ. ಮನೆಬಿಟ್ಟು ಹೋದ ಮಗನಿಗಾಗಿ ಕಾಯುವ ಗಂಡ ಹೆಂಡತಿ ಬಂದವನಲ್ಲೇ ಮಗನನ್ನು ಕಾಣುತ್ತಾರೆ. ಆ ಬೆಟ್ಟದ ತಪ್ಪಲಿನಲ್ಲಿ ಈಗ ಹೆಜ್ಜೆಗೊಂದು ಹೋಂಸ್ಟೇ. ಒಳ್ಳೆಯದೇ, ಬೆಟ್ಟದ ಜನರೂ ನಾಲ್ಕು ಕಾಸು ಕಾಣಲಿ. ಅಂಥ ಒಂದು ಮನೆಯಲ್ಲಿ, ಹೆಸರು ಬೇಡ, ನಾನೂ ಒಂದು ರಾತ್ರಿ ಉಳಿದಿದ್ದೆ. ಗಾಜಿನ ಬೀರುವಿನಲ್ಲಿ ಇಪ್ಪತ್ತು ಮೂವತ್ತು ಪುಸ್ತಕ ಜೋಡಿಸಿದ್ದರು. ಎಲ್ಲ ಇಂಗ್ಲಿಷ್, ಎಲ್ಲ ಬಂದವರು ಬಿಟ್ಟು ಹೋದವು. ‘ಬೆಟ್ಟದ ಜೀವ’ ಇಲ್ಲವೇ ಎಂದರೆ ಮನೆಯ ಯಜಮಾನರು, “ಅದು ನಮ್ಮ ಅಜ್ಜನ ಹತ್ತಿರ ಇತ್ತು, ಅಟ್ಟದಲ್ಲಿರಬೇಕು” ಎಂದರು. ಅಟ್ಟದಲ್ಲಿ! ಊರಿಗೆ ಊರೇ ಹೆಮ್ಮೆಪಡಬೇಕಾದ ಪುಸ್ತಕ ಅಟ್ಟದಲ್ಲಿ, ಯಾರೋ ವಿಮಾನ ನಿಲ್ದಾಣದಲ್ಲಿ ಕೊಂಡು ಅರ್ಧ ಓದಿ ಬಿಸಾಡಿದ್ದು ಗಾಜಿನ ಬೀರುವಿನಲ್ಲಿ.

ಮಲೆನಾಡು ಕರಾವಳಿ ಮಾತ್ರ ಕರ್ನಾಟಕವೇ ಎಂದು ಬಯಲುಸೀಮೆಯ ಬಂಧುಗಳು, ಉತ್ತರದ ಬಂಧುಗಳು ಮುನಿಯುವ ಮೊದಲೇ ಹೇಳಿಬಿಡುತ್ತೇನೆ. ನಂಜನಗೂಡಿಗೆ ಹೋಗುವವರು ದೇವನೂರ ಮಹಾದೇವರ ‘ಕುಸುಮಬಾಲೆ’ ಹಿಡಿಯಲಿ. ಆ ಕನ್ನಡ ತಿಳಿಯುವುದಿಲ್ಲ ಎಂದು ಬೆಂಗಳೂರಿನವರ ದೂರು. ನಂಜನಗೂಡಿನ ಲೋಕಲ್ ಬಸ್ಸಿನಲ್ಲಿ ಅರ್ಧ ಗಂಟೆ ಕಿವಿ ತೆರೆದು ಕೂತು ಆಮೇಲೆ ಓದಿ, ತಿಳಿಯದಿದ್ದರೆ ಬರೆಯಿರಿ. ಚಿತ್ರದುರ್ಗದ ಕೋಟೆ ಹತ್ತುವವರಿಗೆ ತ.ರಾ.ಸು. ಅವರ ‘ದುರ್ಗಾಸ್ತಮಾನ’ ಇದೆ. ಕೃಷ್ಣಾ ತೀರದ ಹಳ್ಳಿಯ ರಾಜಕೀಯ ಬೇಕೇ, ರಾವಬಹಾದ್ದೂರರ ‘ಗ್ರಾಮಾಯಣ’. ಕಲಬುರಗಿಯ ಕಡೆ ಹೊರಟರೆ ಗೀತಾ ನಾಗಭೂಷಣ ಅವರ ‘ಬದುಕು’. ಮೂಡಿಗೆರೆಗೆ ‘ಕರ್ವಾಲೊ’, ಅದನ್ನು ಹೇಳುವುದೇ ಬೇಡ, ಹಾರುವ ಓತಿಯನ್ನು ಹುಡುಕಿಕೊಂಡು ತೇಜಸ್ವಿ ಓದುಗರು ಚಾರ್ಮಾಡಿಯ ಕಾಡಂಚಿಗೆ ಇಂದಿಗೂ ಹೋಗುತ್ತಿದ್ದಾರೆ. ಇದೊಂದು ಕಡೆ ನಾನು ಹೇಳುವ ಕೆಲಸ ಯಾರ ಆದೇಶವೂ ಇಲ್ಲದೆ ತಾನೇ ನಡೆದಿದೆ. ತೇಜಸ್ವಿಯವರು ತೀರಿಕೊಂಡದ್ದು ೨೦೦೭ರಲ್ಲಿ. ಆಮೇಲೆ ಹುಟ್ಟಿದ ಹುಡುಗರ ಕೈಯಲ್ಲೂ ಆ ಪುಸ್ತಕ ಕಾಣುತ್ತದೆ. ಆಗುವುದಿಲ್ಲ ಎನ್ನುವವರಿಗೆ ಅದೇ ಉತ್ತರ.

ಈಗ ನಮ್ಮ ಗಡಿಯ ಆಚೆಗೆ ಒಂದು ಹೆಜ್ಜೆ. ಕಾಸರಗೋಡು ಎಂದರೆ ಈ ಪತ್ರಿಕೆಯ ಓದುಗರಿಗೆ ರಕ್ತ ಬಿಸಿಯಾಗುತ್ತದೆ. ೧೯೫೬ರಲ್ಲಿ ಕೈಬಿಟ್ಟು ಹೋದ ನೆಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ೧೯೬೭ರಲ್ಲಿ ಮಹಾಜನ ವರದಿ ಹೇಳಿತು, ವರದಿ ಧೂಳು ತಿನ್ನುತ್ತಿದೆ. ನಾನು ಹೇಳುವುದು ಆ ಹೊಳೆಯ ದಕ್ಷಿಣದ ಒಂದು ಹಳ್ಳಿಯ ವಿಷಯ: ಕಯ್ಯೂರು. ಮಲಯಾಳ ಮಾತಾಡುವ ರೈತರ ಊರು, ಅದನ್ನು ನಾವು ನಮ್ಮದೆಂದು ಕೇಳಿದವರಲ್ಲ. ೧೯೪೧ರ ಮಾರ್ಚಿನಲ್ಲಿ ಜಮೀನ್ದಾರರ ಮತ್ತು ಪೊಲೀಸರ ದಬ್ಬಾಳಿಕೆಯ ವಿರುದ್ಧ ಅಲ್ಲಿ ರೈತರು ಮೆರವಣಿಗೆ ಹೊರಟರು, ಎದುರು ಸಿಕ್ಕ ಒಬ್ಬ ಪೊಲೀಸ್ ಪೇದೆ ಹೊಳೆಗೆ ಹಾರಿ ಸತ್ತ. ೧೯೪೩ರ ಮಾರ್ಚ್ ೨೯ರಂದು ನಾಲ್ವರು ರೈತರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು: ಅಪ್ಪು, ಚಿರುಕಂಡ, ಕುಞಂಬು ನಾಯರ್, ಅಬೂಬಕರ್. ಆಗ ಆ ಊರು ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇತ್ತು. ಆ ಕಥೆಯನ್ನು ಕಾದಂಬರಿ ಮಾಡಿದವರು ಯಾರು? ಕನ್ನಡದ ನಿರಂಜನ! ‘ಚಿರಸ್ಮರಣೆ’ ಹುಟ್ಟಿದ್ದು ಕನ್ನಡದಲ್ಲಿ. ಮಲಯಾಳಿಗಳು ಅದನ್ನು ತಮ್ಮ ಭಾಷೆಗೆ ಮಾಡಿಕೊಂಡು ಎದೆಗೆ ಅವಚಿಕೊಂಡು ಓದಿದರು.

ನಮ್ಮವರು ಬೇಕಲ ಕೋಟೆಗೆ ಬಸ್ಸು ಮಾಡಿಕೊಂಡು ಹೋಗುತ್ತಾರೆ. ಇಕ್ಕೇರಿಯ ಶಿವಪ್ಪನಾಯಕ ಕಟ್ಟಿಸಿದ ಕೋಟೆ ಎಂದು ಎದೆಯುಬ್ಬಿಸುತ್ತಾರೆ, ಉಬ್ಬಿಸಲಿ. ಅಲ್ಲಿಂದ ಇನ್ನಷ್ಟು ದಕ್ಷಿಣಕ್ಕೆ ಹೋದರೆ ಕಯ್ಯೂರು. ಕೋಟೆ ಕಲ್ಲಿನದು, ಇದು ಕನ್ನಡದ ಮಾತಿನಲ್ಲಿ ಕಟ್ಟಿದ್ದು. ಕೋಟೆ ಕಟ್ಟಿದ ಅರಸನ ಹೆಸರು ಹೇಳಿದರೆ ಅಲ್ಲಿಯವರು ತಲೆಯಾಡಿಸಬಹುದು. ‘ಚಿರಸ್ಮರಣೆ’ಯ ಕನ್ನಡ ಪ್ರತಿಯನ್ನು ಕೈಯಲ್ಲಿ ಹಿಡಿದು ಆ ಹೊಳೆಯ ದಂಡೆಯಲ್ಲಿ ನಿಂತ ಕನ್ನಡಿಗನನ್ನು ಅವರು ಬೇರೆ ರೀತಿಯಲ್ಲೇ ನೋಡುತ್ತಾರೆ. ನಮ್ಮ ಸಂಘದ ಹುಡುಗರು ಗಡಿಗೆ ಬಾವುಟ ಒಯ್ಯುತ್ತಾರಲ್ಲ, ಒಮ್ಮೆ ಈ ಪುಸ್ತಕವನ್ನೂ ಒಯ್ಯಲಿ ಎಂದು ನನ್ನ ಆಸೆ.

ಇದು ಎರಡೂ ಕಡೆಯ ನ್ಯಾಯ. ನಾವು ಅವರ ನಾಡಿಗೆ ಹೋಗುವಾಗ ಅವರ ಕಥೆಯನ್ನೂ ಓದಬೇಕು. ಅಲಪ್ಪುಳದ ದೋಣಿಮನೆಯಲ್ಲಿ ಮಲಗುವ ಮೊದಲು ತಕಳಿಯವರ ‘ಚೆಮ್ಮೀನ್’ ಓದಿ, ಮೀನುಗಾರರ ಬದುಕು ಫೋಟೋದಲ್ಲಿ ಕಾಣುವಷ್ಟು ಚೆಂದವಲ್ಲ ಎಂದು ತಿಳಿಯುತ್ತದೆ. ಆದರೆ ಇಂಗ್ಲಿಷಿನಲ್ಲಿ ಬೇಡ, ಕನ್ನಡದಲ್ಲಿ ಓದಿ. ಕನ್ನಡದಲ್ಲಿಲ್ಲ ಎಂದರೆ ಬೇಕೆಂದು ಪ್ರಕಾಶಕರ ತಲೆ ತಿನ್ನಿ. ನೂರು ವರ್ಷಕ್ಕೂ ಹಿಂದೆ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರನ್ನು ನೇರವಾಗಿ ಕನ್ನಡಕ್ಕೆ ತಂದರು. ನಮ್ಮ ಅಜ್ಜಂದಿರು ಕಲ್ಕತ್ತೆಯ ಬೀದಿಯನ್ನು ಕಂಡದ್ದು ಕನ್ನಡದ ಕಿಟಕಿಯಿಂದ. ಈಗ ಸಾವಿರಾರು ಕನ್ನಡಿಗರು ವರ್ಷ ವರ್ಷ ಯೂರೋಪಿಗೆ, ಸಿಂಗಪುರಕ್ಕೆ, ದುಬೈಗೆ ಹೋಗಿ ಬರುತ್ತಾರೆ. ಅಲ್ಲಿನ ಜನ ತಮ್ಮ ಬಗ್ಗೆ ಏನು ಬರೆದುಕೊಂಡಿದ್ದಾರೆ ಎಂದು ಕನ್ನಡದಲ್ಲಿ ತಿಳಿಯುವ ಹಕ್ಕು ನಮಗಿಲ್ಲವೇ? ಮತ್ತೊಂದು ಕಡೆ ನೋಡಿ, ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ೨೦೨೫ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ನಾಳೆ ಯಾರೋ ಪರದೇಶದವರು ಆ ಪುಸ್ತಕ ಹಿಡಿದು ಹಾಸನದ ಬಸ್ ನಿಲ್ದಾಣದಲ್ಲಿ ಇಳಿದು, “ನೀವು ಓದಿದ್ದೀರಾ?” ಎಂದು ಎದುರು ನಿಂತ ಕನ್ನಡದ ಹುಡುಗನನ್ನು ಕೇಳಿದರೆ ಅವನು ಏನು ಹೇಳುತ್ತಾನೆ?

ಪುಸ್ತಕ ಸಿಗುವುದಿಲ್ಲ ಸ್ವಾಮಿ ಎನ್ನುತ್ತೀರಿ. ಒಪ್ಪಿದೆ, ಅದೇ ಮೂಲ ರೋಗ. ಮುದ್ರಣಾಲಯ ನಡೆಸುವವನಾದ್ದರಿಂದ ಇದರ ಒಳಗುಟ್ಟು ಸ್ವಲ್ಪ ಗೊತ್ತು. ಪ್ರಕಾಶಕ ಒಂದು ಸಾವಿರ ಪ್ರತಿ ಅಚ್ಚು ಹಾಕಿಸುತ್ತಾನೆ, ಗ್ರಂಥಾಲಯದ ಸಗಟು ಖರೀದಿಯನ್ನು ನಂಬಿ ಕೂರುತ್ತಾನೆ, ಉಳಿದದ್ದು ಬೆಂಗಳೂರು, ಮೈಸೂರು, ಧಾರವಾಡದ ಅಂಗಡಿಗಳಲ್ಲಿ. ಕಾದಂಬರಿ ನಡೆದ ತಾಲ್ಲೂಕಿಗೆ ಅದರ ಹತ್ತು ಪ್ರತಿಯೂ ಹೋಗುವುದಿಲ್ಲ. ಮಂಗಳೂರಿಗೆ ಮೀನು ಕಳಿಸುವುದು ಬೇಡ, ಆದರೆ ತೀರ್ಥಹಳ್ಳಿಗೆ ಕುವೆಂಪು ಅವರನ್ನು ಕಳಿಸಲೇಬೇಕಾಗಿದೆ! ಬಸ್ ನಿಲ್ದಾಣದ ಮಳಿಗೆಗಳನ್ನು ಹರಾಜು ಹಾಕುವಾಗ ಒಂದೇ ಒಂದು ಷರತ್ತು ಸೇರಿಸಿದರೆ ಸಾಕು: ಆ ಜಿಲ್ಲೆಯ ಲೇಖಕರ ಕನ್ನಡ ಪುಸ್ತಕಗಳಿಗೆ ಎರಡು ಅಡಿ ಹಲಗೆ. ಸರ್ಕಾರಕ್ಕೆ ಒಂದು ಪೈಸೆ ಖರ್ಚಿಲ್ಲ. ಹೋಂಸ್ಟೇಗೆ ಪರವಾನಗಿ ಕೊಡುವಾಗ ಬೆಂಕಿ ಆರಿಸುವ ಸಿಲಿಂಡರ್ ಇದೆಯೇ ಎಂದು ನೋಡುತ್ತಾರಲ್ಲ, ಬೀರುವಿನಲ್ಲಿ ಊರಿನ ಕಾದಂಬರಿ ಇದೆಯೇ ಎಂದೂ ನೋಡಲಿ. ‘ಒಂದು ರಾಜ್ಯ, ಹಲವು ಜಗತ್ತು’ ಎಂದು ಜಾಹೀರಾತು ಕೊಟ್ಟ ಸರ್ಕಾರವಲ್ಲವೇ? ಆ ಹಲವು ಜಗತ್ತುಗಳಿಗೆ ದಾರಿ ಈ ಪುಸ್ತಕಗಳೇ.

‘ಮಲೆಗಳಲ್ಲಿ ಮದುಮಗಳು’ ಇಟ್ಟಿಗೆಯಷ್ಟು ದಪ್ಪ, ಪ್ರವಾಸಕ್ಕೆ ಹೊರುವುದು ಹೇಗೆ ಎಂದು ಕೇಳುವವರಿಗೆ ಒಂದು ಉಪಾಯ. ಕಾದಂಬರಿಯನ್ನು ಮನೆಯಲ್ಲೇ ಓದಿ. ದಾರಿಗೆ ಒಂದು ಸಣ್ಣ ಕೈಪಿಡಿ ಇರಲಿ: ಗುತ್ತಿ ನಡೆದ ದಾರಿಯ ನಕ್ಷೆ, ಊರುಗಳ ಹೆಸರು, ಆ ಪುಸ್ತಕದ ಪದಗಳಿಗೆ ಅರ್ಥ. ಕ್ರೌನ್ ಅಳತೆಯಲ್ಲಿ ೪೮ ಪುಟ, ಅಂದರೆ ಹದಿನಾರು ಪುಟದ ಮೂರೇ ಫಾರಂ, ನಡುವೆ ಪಿನ್ನು ಹೊಡೆದರೆ ಆಯಿತು. ನನ್ನ ಲೆಕ್ಕದಲ್ಲಿ ಒಂದು ಮಸಾಲೆ ದೋಸೆಯ ಬೆಲೆಗೆ ಕೊಡಬಹುದು. ಕಾದಂಬರಿಯ ಮಾತನ್ನು ಎತ್ತಿ ಹಾಕಬೇಕಾದರೆ ಮಾತ್ರ ಹಕ್ಕುದಾರರ ಒಪ್ಪಿಗೆ ಬೇಕು, ಅದನ್ನು ಕೇಳಿಯೇ ಮಾಡಬೇಕು. ಹಾಗೆಯೇ ಒಂದು ಮಾತು: ಫುಟ್‌ಪಾತಿನ ಕಳ್ಳ ಅಚ್ಚಿನ ಪ್ರತಿ ಕೊಳ್ಳಬೇಡಿ. ಅಂಚು ಒಂದೊಂದು ಪುಟದಲ್ಲಿ ಒಂದೊಂದು ತರ ಇದ್ದರೆ, ಅಕ್ಷರ ಬೂದಿ ಬಣ್ಣಕ್ಕಿದ್ದರೆ, ನೂರನೇ ಪುಟಕ್ಕೆ ಅಂಟು ಬಿಟ್ಟರೆ ಅದು ಕಳ್ಳ ಮಾಲು. ಲೇಖಕನ ಮನೆಗೆ ಅದರಿಂದ ಚಿಕ್ಕಾಸೂ ಹೋಗುವುದಿಲ್ಲ.

ಈ ಪತ್ರಿಕೆಯಿಂದ ಆಗುವಷ್ಟು ನಾವು ಮಾಡುತ್ತೇವೆ. ನಿಮ್ಮ ತಾಲ್ಲೂಕಿನಲ್ಲಿ ನಡೆಯುವ ಕಾದಂಬರಿ ಯಾವುದು, ಅದರಲ್ಲಿ ಬರುವ ಊರು, ಹೊಳೆ, ಗುಡ್ಡಗಳಲ್ಲಿ ಯಾವುದು ಇಂದಿಗೂ ಅದೇ ಹೆಸರಿನಲ್ಲಿ ಇದೆ, ಯಾವುದು ಮುಳುಗಿತು, ಯಾವುದರ ಹೆಸರು ಬದಲಾಯಿತು ಎಂದು ಒಂದು ಅಂಚೆ ಕಾರ್ಡಿನಲ್ಲಿ ಬರೆದು ಕಳಿಸಿ. ಕಾದಂಬರಿ ಚಿಕ್ಕದಿರಲಿ, ಲೇಖಕರ ಹೆಸರು ಯಾರೂ ಕೇಳದಿರಲಿ, ಚಿಂತೆಯಿಲ್ಲ. ಜಿಲ್ಲೆಗೊಂದರಂತೆ ಪಟ್ಟಿ ಮಾಡಿ ಸಂಚಿಕೆಗೆ ಒಂದು ಜಿಲ್ಲೆ ಅಚ್ಚು ಹಾಕುತ್ತೇವೆ. ಮೊದಲು ಶಿವಮೊಗ್ಗ ಜಿಲ್ಲೆ ತೆಗೆದುಕೊಳ್ಳೋಣ ಎಂದಿದ್ದೇನೆ. ಮೇಗರವಳ್ಳಿಯ ಕಡೆಯ ಓದುಗರು ಯಾರಾದರೂ ಇದ್ದರೆ, ಸಿಂಬಾವಿಯಿಂದ ಗುತ್ತಿ ನಡೆದ ದಾರಿ ಈಗಲೂ ಉಳಿದಿದೆಯೇ ಎಂದು ದಯವಿಟ್ಟು ತಿಳಿಸಿ.